ಪೂಜೆಗಿಟ್ಟ ಕಂಪ್ಯೂಟರು

ಸೆಪ್ಟೆಂಬರ್ 28, ಭಾನುವಾರ

ಕಾಳಮ್ಮನಿಗೆ ದೀಪ ಆಯಿತು. ಅಂಗಡಿಯ ತೇಗದ ಹೊಟ್ಟು ಗುಡಿಸಿ ಎರಡು ಚೀಲ ತುಂಬಿದೆ. ಅಲ್ಲಿ ಮತ್ತೆ ಅದೇ ಮಾತು. ಕಂಪ್ಯೂಟರಿನ ಒಳಗಿನ ಸಿಸ್ಟಮ್ಮು ಹಳೆಯದಾಯಿತಂತೆ. ಅಕ್ಟೋಬರ್ ಹದಿನಾಲ್ಕು ಕಳೆದರೆ ಕಂಪನಿಯವರು ಅದನ್ನು ನೋಡಿಕೊಳ್ಳುವುದಿಲ್ಲವಂತೆ. ಹೊಸದು ಹಾಕೋಣ ಎನ್ನುತ್ತಾಳೆ ಸೊಸೆ ವೀಣ. ಆ ಕಂಪ್ಯೂಟರಿನಿಂದ ಕೆತ್ತನೆಯ ಮಿಷನ್ನು ನಡೆಸುವವಳು ಅವಳೇ.

"ಗಿರಾಕಿಗಳು ಡಿಸೈನೆಲ್ಲ ಈಮೇಲಲ್ಲೇ ಕಳಿಸ್ತಾರೆ ಮಾವ. ವೈರಸ್ಸು ಬಂದ್ರೆ ಎಲ್ಲಾ ಓಯ್ತದೆ."

ಯಜಮಾನರು ಬೂಕನಕೆರೆ ಚಿಕ್ಕಸ್ವಾಮಿಯ ಬಾಗಿಲಿಗೆ ಹಲಗೆ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ. "ಒಸದ್ರ ಮಾತ ಮಿಷನ್ನು ಕೇಳ್ದೆ ಓದ್ರೆ? ಅದ್ನೈದ್ಕೆ ಬಾಗ್ಲು ಕೊಡ್ಬೇಕು. ಅಲ್ಲೀಗಂಟ ಮುಟ್ಬ್ಯಾಡ ಕಣವ್ವ."

ಇಬ್ಬರದೂ ಸರಿ ಅನ್ನಿಸಿತು.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಉಳಿ, ಬಾಚಿ, ಗರಗಸ, ಮಿಷನ್ನು — ಎಲ್ಲಕ್ಕೂ ಅರಿಶಿನ ಕುಂಕುಮ. ಕಂಪ್ಯೂಟರಿಗೂ ಹೂ ಮುಡಿಸಿದೆ. ಪರದೆಯ ಮೇಲೆ ಕಾಳಮ್ಮನ ಫೋಟೊ ಬೆಳಗುತ್ತಿರಲಿ ಎಂದು ನಾನೇ ಆನ್ ಮಾಡಿಸಿ ಇಟ್ಟೆ. ಮಂಗಳಾರತಿ ಆಗಿ ಯಜಮಾನರು ಊಟಕ್ಕೆ ಹೋದರು. ಆಗ ಅಮ್ಮನ ಮುಖದ ಮೇಲೇ ಒಂದು ಚೌಕ ಬಂತು. ವೀಣ ಓಡಿ ಬಂದಳು.

"ಅತ್ತೆ, ಹೊಸದು ಇವತ್ತು ರಾತ್ರಿ ತಾನೇ ಕುಂತ್ಕಬುಡ್ತದೆ. ಬ್ಯಾಡ ಅಂತ ಒಂದ್ ಕ್ಲಿಕ್ಕು ಕೊಡ್ತೀನಿ."

ಕೈ ಹಿಡಿದುಕೊಂಡೆ. "ಪೂಜೆಗಿಟ್ಟ ಆಯುಧವ ನಾಳೆಗಂಟ ಮುಟ್ಟಂಗಿಲ್ಲ."

"ಇದು ಉಳಿ ಅಲ್ಲ ಕಣತ್ತೆ."

"ಉಳೀಗಿಂತ ಜಾಸ್ತಿ ಗೇಯ್ತದೆ. ಒಂದಿನ ಸುಮ್ಕಿರ್ಲಿ ಬುಡು."

ನಕ್ಕಳು. ಕೈ ಹಿಂದಕ್ಕೆ ತೆಗೆದುಕೊಂಡಳು.

ಅಕ್ಟೋಬರ್ 2, ಗುರುವಾರ

ಮರುಪೂಜೆ ಮಾಡಿ ಆಯುಧ ಎತ್ತಿದೆವು. ಪರದೆ ಬೇರೆಯಾಗಿತ್ತು. ಹೊಸದು ಬಂದು ಕೂತಿತ್ತು. ವೀಣ ಏನು ಒತ್ತಿದರೂ ಮಿಷನ್ನು ಅಲುಗಲಿಲ್ಲ.

"ಬ್ಯಾಡ ಅಂದ್ರೂ ಆಕ್ಬುಟ್ಯಲ್ಲವ್ವ! ನಿಂದೇ ಅಟ ಗೆಲ್ಲಿಸ್ಕಂಡೆ!"

ಯಜಮಾನರ ಗಂಟಲು ದೊಡ್ಡದು. ಕಿಕ್ಕೇರಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ವೀಣ ನನ್ನ ಕಡೆ ನೋಡಲಿಲ್ಲ. "ತಪ್ಪಾಯ್ತು ಮಾವ" ಅಂದಳು.

ನಾನು ಬಾಡಿದ ಹೂ ತೆಗೆಯುತ್ತಿದ್ದೆ... ತೆಗೆಯುತ್ತಲೇ ಇದ್ದೆ.

ಅಕ್ಟೋಬರ್ 6, ಸೋಮವಾರ

ಕಂಪ್ಯೂಟರ್ ರಿಪೇರಿಯ ರಾಹುಲ್ ಇವತ್ತು ಪೇಟೆಯಿಂದ ಬಂದ. "ಹತ್ತು ದಿನದೊಳಗೆ ಹಳೇದಕ್ಕೆ ವಾಪಸ್ ಹೋಗ್ಬೋದು ಕಣಮ್ಮ, ಇನ್ನೂ ಟೈಮದೆ." ಒಂದು ಗಂಟೆ ಕೂತ. ಮಿಷನ್ನು ಓಡಿತು. ಅಮ್ಮ ಕಾಯ್ದಳು.

ಅಂಗಡಿ ಇಟ್ಟವರು ಹೊಸದು ಹಾಕಬೇಕೋ ಬೇಡವೋ, ಸರಿಯಾಗಿ ಹೇಳಪ್ಪ ಅಂದೆ.

"ಮಿಷನ್ನಿಗೆ ಹಳೇದೇ ಇರ್ಲಿ, ಇಂಟರ್ನೆಟ್ಟು ಮಾತ್ರ ಕಿತ್ತಾಕ್ಬುಡಿ. ಈಮೇಲು, ಬಿಲ್ಲು ನೋಡೋಕೆ ಹೊಸದಿರೋ ಇನ್ನೊಂದು ಕಂಪ್ಯೂಟರ್ ಇಟ್ಕಳಿ."

"ಅಂಗಾದ್ರೆ ಡಿಸೈನ ಪೆನ್‌ಡ್ರೈವಲ್ಲಿ..." ವೀಣ ಬಾಯಿ ತೆರೆದಳು.

"ಸಾಕು" ಅಂದರು ಯಜಮಾನರು. ಬರುವ ಸೋಮವಾರದಿಂದ ಅವರ ತಮ್ಮನ ಮಗ ಅಭಿಲಾಷ್ ಮಿಷನ್ನಿಗೆ ಕೂರುತ್ತಾನಂತೆ. ವೀಣ ಮನೆ ನೋಡಿಕೊಂಡರೆ ಸಾಕಂತೆ.

ಅಕ್ಟೋಬರ್ 10, ಶುಕ್ರವಾರ

ಯಾವ ಮರಕ್ಕೆ ಎಷ್ಟು ಸ್ಪೀಡು, ಹಲಸಿಗೆ ಎಷ್ಟು, ತೇಗಕ್ಕೆ ಎಷ್ಟು — ವೀಣ ಅಭಿಲಾಷನಿಗೆಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ನಾಲ್ಕು ವರ್ಷ ಕೂತು ಕಲಿತದ್ದು. ನನ್ನ ಮೇಲೆ ಒಂದು ಮಾತು ಆಡಿಲ್ಲ. ಆಡಿದ್ದರೆ ಸುಲಭವಾಗುತ್ತಿತ್ತು. ಅಮ್ಮನ ಮುಂದೆ ಕೂತರೆ ಸಾವಿರ ಸಲ ಹೇಳಿದ ನಾಮ ಮರೆಯುತ್ತೇನೆ.

ಅಕ್ಟೋಬರ್ 11, ಶನಿವಾರ, ಸಂಜೆ 4

ಹೇಳಿದೆ. ಯಜಮಾನರಿಗೆ ಕಾಫಿ ಕೊಟ್ಟು, ನಿಂತೇ ಹೇಳಿದೆ. ವೀಣ ಬೇಡ ಎಂದು ಒತ್ತಲು ಹೋಗಿದ್ದಳು, ಕೈ ಹಿಡಿದವಳು ನಾನು.

ಲೋಟ ಕೆಳಗಿಟ್ಟರು. "ಒಂಬತ್ ದಿನ ಬಾಯಿ ಒಲ್ಕಂಡಿದ್ಯೇನೆ?"

"ಹೂಂ."

ಅಭಿಲಾಷನಿಗೆ ಫೋನ್ ಮಾಡಿ, ಬರಬೇಡ ಕಣ್ಲಾ ಅಂದರು. ಆಮೇಲೆ ನನ್ನ ಕಡೆ ತಿರುಗಿ — "ನಾ ಬೈದಿದ್ದು ಬೀದಿಗೆಲ್ಲ ಕೇಳುಸ್ತು. ನೀ ಅವ್ಳಿಗೆ ಏಳೋದೂ ಅಂಗೇ ಕೇಳ್ಬೇಕು. ನಡಿ, ನಾನೂ ಬತ್ತೀನಿ. ನಂದೂ ತಪ್ಪದೆ."

ಅಂಗಡಿಯಲ್ಲಿ ಮಿಷನ್ನು ಓಡುತ್ತಿದೆ. ಚಿಕ್ಕಸ್ವಾಮಿಯ ಬಾಗಿಲಿನ ಕೊನೆಯ ಹಲಗೆ. ನಿಲ್ಲಲಿ ಎಂದು ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಯಜಮಾನರು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

ನಿಂತಿತು. ವೀಣ ಎಂದು ಕೂಗಿದೆ. "ಬಂದೆ ಅತ್ತೆ" ಅಂದಳು. ಬೇಡ ಕಣವ್ವ, ಅಲ್ಲೇ ಕೂತಿರು, ನಾನೇ —