ಮೊದಲ ಮಳೆಯ ಗಿಡಗಳು ಮತ್ತು ನಿಮ್ಮ ಎರಡು ಪಾಠಗಳು

ನರ್ಸರಿ ಮತ್ತು ಉದ್ಯಾನ ಕೆಲಸಗಾರರ ತರಬೇತಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವು ಕಲಿಸಿದಂತೆಯೇ ಗಿಡ ನೆಟ್ಟ ತಪ್ಪಿಗೆ ನನ್ನ ಅಕ್ಕನ ಪರವಾನಗಿಯನ್ನು ಅಮಾನತು ಮಾಡಿದ್ದೀರಿ. ಅದು ಮರಳಿ ಸಿಗಬೇಕಾದರೆ ಅವಳು ಮತ್ತೆ ನಿಮ್ಮದೇ ತರಬೇತಿಗೆ ಬಂದು, ಅದೇ ಪಾಠ ಕೇಳಿ, ಅದೇ ಪರೀಕ್ಷೆ ಬರೆಯಬೇಕಂತೆ. ಸಾಲದ್ದಕ್ಕೆ ಅವಳು ನೆಟ್ಟು ಬದುಕಿಸಿದ ಗಿಡಗಳನ್ನು ಕೀಳಿಸಲೂ ಹೊರಟಿದ್ದೀರಿ. ನಗಬೇಕೋ ಅಳಬೇಕೋ ತಿಳಿಯದೆ, ನಾಲ್ಕು ಜನ ಓದಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಸೇರಿ ನರ್ಸರಿ ನಡೆಸುತ್ತೇವೆ. ಸಸಿ ಬೆಳೆಸುವುದು ನಾನು, ರಸ್ತೆ ಅಂಗಳಗಳಲ್ಲಿ ನೆಟ್ಟು ಉಳಿಸಿಕೊಳ್ಳುವುದು ಅಕ್ಕ. ಹವಾಮಾನ ಬದಲಾವಣೆಯ ಬಗ್ಗೆ ನಮ್ಮಂಥವರಿಗೆಲ್ಲ ತರಬೇತಿ ಕಡ್ಡಾಯ ಎಂದು ನೀವು ಆದೇಶ ಹೊರಡಿಸಿದಾಗ ಹಿಗ್ಗಿದವಳು ಅವಳೊಬ್ಬಳೇ. "ನಮ್ಮ ಕಷ್ಟ ಕೊನೆಗೂ ಅವರ ಕಿವಿಗೆ ಬಿತ್ತು ಕಣೋ" ಎಂದಳು. ನಾನು ಗೇಲಿ ಮಾಡುತ್ತಲೇ ಜೊತೆಗೆ ಹೋದೆ.

ನಿಮ್ಮ ಸಭಾಂಗಣ ನೆನಪಿದೆ. ಹಲ್ಲು ಕಟಕಟ ಎನ್ನುವಷ್ಟು ಎಸಿ, ವೇದಿಕೆಯ ಮುಂದೆ ಪ್ಲಾಸ್ಟಿಕ್ ಹುಲ್ಲು. ಹಸಿರು ಬೆಳೆಸಿಯೇ ಹೊಟ್ಟೆ ಹೊರೆಯುವ ಅಷ್ಟೂ ಜನ ಅದನ್ನು ತುಳಿದುಕೊಂಡು ಹೋಗಿ ಪ್ರಮಾಣಪತ್ರ ಪಡೆದೆವು! ಬೆಳಿಗ್ಗೆ ಒಬ್ಬರು ಮಂಜುಗಡ್ಡೆ ಕರಗುವ ಚಿತ್ರ ತೋರಿಸಿ, ಮಳೆ ಮೊದಲಿನಂತಿಲ್ಲ, ಒಂದು ದಿನ ಸುರಿದು ಆಮೇಲೆ ನಾಪತ್ತೆಯಾಗುತ್ತದೆ ಎಂದರು. ಮಧ್ಯಾಹ್ನ ಇನ್ನೊಬ್ಬರು ಬಂದು, ಮೊದಲ ಮಳೆ ಬಿದ್ದ ವಾರವೇ ಸಸಿ ನೆಡಬೇಕು ಎಂಬ ಹಳೆಯ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿಸಿದರು. ಅಕ್ಕ ಎದ್ದು ನಿಂತಳು.

"ಮಳೆ ನಂಬೋ ಹಾಗಿಲ್ಲ ಅಂತ ಬೆಳಿಗ್ಗೆ ಹೇಳಿದ್ರಲ್ಲ ಸರ್. ಈಗ ಮೊದಲ ಮಳೆಗೇ ನೆಡಿ ಅಂತೀರಿ?"

"ಅದು ಬೇರೆ ಪಾಠ ಅಮ್ಮಾ. ಕೂತ್ಕೊಳ್ಳಿ."

ಒಂದೇ ಸೂರಿನಡಿ ನಡೆದ ಎರಡು ಪಾಠಗಳಿಗೆ ಪರಸ್ಪರ ಪರಿಚಯವೇ ಇಲ್ಲದಿದ್ದರೆ ಅದನ್ನು ಶಿಕ್ಷಣ ಎನ್ನುತ್ತಾರೆಯೇ? ಇರಲಿ. ಅಕ್ಕ ಪರೀಕ್ಷೆಯಲ್ಲಿ 'ಮೊದಲ ಮಳೆ' ಎಂದೇ ಬರೆದು ಪಾಸಾದಳು. ಪಕ್ಕದಲ್ಲಿ ಕೂತು ಅವಳದ್ದನ್ನು ನೋಡಿ ಬರೆದ ನಾನೂ ಪಾಸಾದೆ.

ಮುಂದೆ ಅವಳಿಗೆ ಆಸ್ಪತ್ರೆಯ ಅಂಗಳದಲ್ಲಿ ನೆರಳಿನ ಗಿಡ ನೆಡುವ ಕೆಲಸ ಸಿಕ್ಕಿತು. ಚೀಟಿಗಾಗಿ ರೋಗಿಗಳು ಸುಡುಬಿಸಿಲಿನಲ್ಲಿ ಸಾಲು ನಿಲ್ಲುವ ಜಾಗ ಅದು. ಪ್ರತಿ ತಿಂಗಳು ಮಾತ್ರೆಗೆಂದು ಹೋಗುವ ನಮ್ಮ ಅಮ್ಮ ಅಲ್ಲೇ ಒಮ್ಮೆ ತಲೆ ಸುತ್ತಿ ಬಿದ್ದಿದ್ದಳು. ಹಾಗಾಗಿ ಅಕ್ಕನಿಗೆ ಅದು ಬರೀ ಗುತ್ತಿಗೆಯಾಗಿರಲಿಲ್ಲ.

ಮೊದಲ ಮಳೆ ಅವಸರವಾಗಿ ಬಂತು. ಅಕ್ಕ ನಿಮ್ಮ ಕಚೇರಿಗೆ ಫೋನ್ ಮಾಡಿ, "ಇನ್ನೊಂದು ಮಳೆ ಬರ್ಲಿ, ಕಾಯ್ಲಾ ಸರ್?" ಎಂದು ಕೇಳಿದಳು. "ಪಾಸಾಗಿದೀರಲ್ಲ, ವೇಳಾಪಟ್ಟಿ ನೋಡ್ಕೊಳ್ಳಿ" ಎಂದರು. ನೋಡಿಕೊಂಡು ನೆಟ್ಟಳು. ಎರಡನೇ ಮಳೆ ನಿಮ್ಮ ಬೆಳಗಿನ ಉಪನ್ಯಾಸಕರು ಹೇಳಿದಂತೆ ನಾಪತ್ತೆಯಾಯಿತು. ಕೊಡಗಟ್ಟಲೆ ನೀರು ಹೊತ್ತರೂ ಒಂದು ಗಿಡವೂ ಉಳಿಯಲಿಲ್ಲ. ಒಣಗಿದ ಕಡ್ಡಿಗಳನ್ನು ನೋಡಿದ ನಿಮ್ಮ ಪರಿಶೀಲಕರು 'ಕೌಶಲದ ಕೊರತೆ' ಎಂದು ಷರಾ ಬರೆದು ಹೋದರು; ಅದರ ಬೆನ್ನಿಗೇ ಪರವಾನಗಿ ಅಮಾನತಾಯಿತು. ಅಕ್ಕ ಅಂದು ಊಟ ಮುಟ್ಟಲಿಲ್ಲ. ಅಂದು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಕಾಲ ಮೀರಿ ಮಳೆ ಹಿಡಿದಾಗ, ಪರವಾನಗಿ ಇಲ್ಲದೆಯೇ, ಯಾರೂ ಹೇಳದೆಯೇ, ಅವಳು ಅದೇ ಗುಂಡಿಗಳಲ್ಲಿ ನಮ್ಮ ನರ್ಸರಿಯ ಆಳೆತ್ತರದ ಸಸಿಗಳನ್ನು ಮತ್ತೆ ನೆಟ್ಟಳು. ಅವು ಚಿಗುರಿ, ರೋಗಿಗಳ ಸಾಲಿಗೆ ಆಗಲೇ ತುಸು ನೆರಳು ಕೊಡುತ್ತಿವೆ. ಈಗ ನಿಮ್ಮಿಂದ ನೋಟಿಸು: ವೇಳಾಪಟ್ಟಿಗೆ ವಿರುದ್ಧವಾಗಿ ನೆಟ್ಟ ಗಿಡಗಳನ್ನು ತೆರವುಗೊಳಿಸಲಾಗುವುದು! ಅಂದರೆ ಸತ್ತ ಗಿಡಗಳು ನಿಯಮಬದ್ಧ, ಬದುಕಿದವು ಅಕ್ರಮ. ಭೇಷ್ ಸ್ವಾಮಿ. ಹವಾಮಾನ ಬದಲಾಗಿದೆ ಎಂದು ಊರಿಗೆಲ್ಲ ಕಲಿಸುವ ನೀವು ಒಂದು ವೇಳಾಪಟ್ಟಿ ಬದಲಿಸಲಾರಿರಾ?

ಆ ಗಿಡಗಳನ್ನು ಮುಟ್ಟಬೇಡಿ. ನಿಮ್ಮ ಎರಡೂ ಪಾಠಗಳನ್ನು ಮೊದಲು ಒಟ್ಟಿಗೆ ಕೂರಿಸಿ ಓದಿ. ಮುಂದಿನ ತರಬೇತಿಯನ್ನು ಆ ಅಂಗಳದಲ್ಲೇ, ನಡುಮಧ್ಯಾಹ್ನ, ರೋಗಿಗಳ ಸಾಲಿನ ಪಕ್ಕದಲ್ಲಿ ನಿಂತು ನಡೆಸಿ. ಅಕ್ಕ ತಪ್ಪದೆ ಬರುತ್ತಾಳೆ.

ಇಲ್ಲ, ಕಿತ್ತೇ ತೀರುತ್ತೇವೆ ಎನ್ನುವುದಾದರೆ, ಕೀಳುವ ದಿನವನ್ನಾದರೂ ಮೊದಲೇ ತಿಳಿಸಿ. ನೋಟಿಸು ಓದಿ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ: "ಅವತ್ತು ಕೊಡೆ ತಗೊಂಡು ಹೋಗ್ಬೇಕೇನೋ?"

ಇಂತಿ,
ಮಧ್ಯಾಹ್ನದ ಪಾಠದಲ್ಲಿ ಪಾಸಾಗಿ ಕೆಟ್ಟವಳ ತಮ್ಮ