ಗಂಟಿಲ್ಲದ ಟೊಪ್ಪಿ

ಬೈತಖೋಲ, ಕಾರವಾರ
೧೨ ಜನವರಿ ೨೦೨೫, ಆದಿತ್ಯವಾರ

ಪ್ರೀತಿಯ ಮಗಳು ಚಂದನಾಳಿಗೆ ಮಾವನ ಆಶೀರ್ವಾದಗಳು.

ನೀನು ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಮಗು ಹಾಲು ಚೆನ್ನಾಗಿ ಕುಡಿಯುತ್ತದೆಯೇ? ತಣ್ಣೀರಿಗೆ ಕೈ ಹಾಕಬೇಡ. ನಿನ್ನ ತಾಯಿಯವರು ಕದ್ರಾಕ್ಕೆ ಬಂದು ನಿಂತಿದ್ದಾರೆಂದು ವಿಕಾಸ ಫೋನಿನಲ್ಲಿ ಹೇಳಿದ, ಹಾಗಾಗಿ ಆ ಚಿಂತೆ ಇಲ್ಲ. ಹೆಣ್ಣು ಮಗು, ಎರಡೂಮುಕ್ಕಾಲು ಕಿಲೋ ಎಂದೂ ಹೇಳಿದ. ನಿನ್ನ ಗಂಡ ಒಳ್ಳೆಯ ಹುಡುಗ. ಹೆಂಡತಿಯ ಮೊದಲಿನ ಮಾವನಿಗೆ ಇಂಥ ಸುದ್ದಿ ತಿಳಿಸಬೇಕೆಂದು ಎಷ್ಟು ಮಂದಿಗೆ ಹೊಳೆದೀತು? ನಾನು ಆಗ ಬಂದರದಲ್ಲಿ ಹರಿದ ಬಲೆ ಹಿಡಿದುಕೊಂಡು ಕೂತಿದ್ದೆ. ಸಂತೋಷ ಎಂದೆ, ಮುಂದೆ ಮಾತು ಬರಲಿಲ್ಲ. ಫೋನಿನಲ್ಲಿ ನನಗೆ ಯಾವಾಗಲೂ ಹಾಗೇ. ಏಳನೇ ಇಯತ್ತೆ ಕಲಿತವನು ನಾನು. ಅಳಿವೆಯಲ್ಲಿ ದೋಣಿ ಮಗುಚಿ ನಮ್ಮ ಮಗ ಕಿಶನ ಹೋದ ಮೇಲೆ ದಿನಾ ಡೈರಿಯಲ್ಲಿ ನಾಲ್ಕು ಸಾಲು ಬರೆಯುವ ರೂಢಿಯಾಗಿದೆಯಲ್ಲ, ಅದೇ ಧೈರ್ಯದಲ್ಲಿ ಈ ಪತ್ರ.

ಸುದ್ದಿ ತಂದು ನಿನ್ನತ್ತೆಗೆ ಹೇಳಿದೆ. (ನಿನ್ನತ್ತೆ ಎಂದು ಬರೆದು ಹೊಡೆದುಹಾಕಿದ್ದೆ, ಮತ್ತೆ ಬರೆದೆ. ನಿನಗೀಗ ಅಲ್ಲಿ ಬೇರೆ ಅತ್ತೆ ಇದ್ದಾರೆ. ಆದರೆ ಹೀರಾಳನ್ನು ನಿನ್ನ ಹತ್ತಿರ ಬೇರೆ ಏನೆಂದು ಹೇಳಲಿ?) ಅವಳು ಅನ್ನದ ಗಂಜಿ ಬಸಿಯುತ್ತಿದ್ದಳು. "ಕದ್ರಾದವ್ರ ಸುದ್ದಿ ನಂಗೆಂತಕ್ಕೆ?" ಎಂದಳು, ಅಷ್ಟೇ. ನೀನು ಹೋದಾಗಿನಿಂದ ನಿನ್ನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಕದ್ರಾದವರು ಎಂದರೆ ನೀನು ಎಂದು ನಾನು ತಿಳಿದುಕೊಳ್ಳಬೇಕು. ಮತ್ತೆ ಮದುವೆಯಾಗು ಎಂದು ನಿನಗೆ ಹೇಳಿದವನು ನಾನು, ವಿಕಾಸನ ಮನೆಯವರೊಡನೆ ಮಾತಾಡಿದವನೂ ನಾನು. ನೀನು ಹೊರಟ ದಿನ ಅವಳು ಒಳಗಿನ ಕೋಣೆಯಿಂದ ಈಚೆ ಬರಲಿಲ್ಲ, ಉಡಿ ತುಂಬಲಿಲ್ಲ. ಮುಚ್ಚಿದ ಬಾಗಿಲಿಗೇ ನಮಸ್ಕಾರ ಮಾಡಿ ನೀನು ಮೆಟ್ಟಿಲಿಳಿದೆ. ನಾನು ಆ ದಿನ ಡೈರಿಯಲ್ಲಿ ಏನೂ ಬರೆಯಲಿಲ್ಲ. ಅವಳಿಗೆ ನಿನ್ನ ಮೇಲೆ ದ್ವೇಷವಿಲ್ಲ ಮಗಳೇ. ಕಿಶನನ ಮಾತು ಆಡಲು ಅವಳಿಗೆ ನೀನೊಬ್ಬಳಿದ್ದೆ. ನೀನು ಹೋದಮೇಲೆ ನಾನು ಉಳಿದೆ, ನಾನು ಮಾತಾಡುವವನಲ್ಲ.

ಈಗ ಟೊಪ್ಪಿಯ ವಿಷಯ. ಕದ್ರಾದಲ್ಲಿ ಬೆಳಗಿನ ಹೊತ್ತು ಮಂಜು ಬೀಳುತ್ತದೆ, ನಮ್ಮ ಹಾಗೆ ಬೆಚ್ಚಗಿನ ಸಮುದ್ರದ ಗಾಳಿಯಲ್ಲ. ಮಗುವಿಗೆ ಉಣ್ಣೆಯ ಟೊಪ್ಪಿ ಹೆಣೆಯೋಣ ಎನಿಸಿತು. ಐವತ್ತು ವರ್ಷ ಬಲೆ ಹೆಣೆದ ಕೈ, ಟೊಪ್ಪಿ ಏನು ಮಹಾ? ಕಾರವಾರದಲ್ಲಿ ಉಣ್ಣೆ ಕೊಂಡರೆ ಸಂಜೆಯೊಳಗೆ ಹೀರಾಳ ಕಿವಿಗೆ ಬೀಳುತ್ತದೆಂದು ಬಸ್ಸು ಹತ್ತಿ ಅಂಕೋಲೆಗೆ ಹೋಗಿ ತಂದೆ. ಬೆಂದ ಸಿಗಡಿಯ ಬಣ್ಣ. ಮೊದಲನೆಯದನ್ನು ಬಲೆಯ ಸೂಜಿಯಲ್ಲೇ, ಬಲೆಯ ಗಂಟಿನಲ್ಲೇ ಮಾಡಿದೆ. ಕಣ್ಣು ಸಣ್ಣದೇ ಇಟ್ಟಿದ್ದೆ, ಆದರೂ ಒಂದೊಂದರಲ್ಲಿ ಬೆರಳು ತೂರುತ್ತಿತ್ತು. ಬಚ್ಚಿಟ್ಟಿದ್ದನ್ನು ಹೀರಾ ಹುಡುಕಿ ತೆಗೆದು, ಬೆಳಕಿಗೆ ಹಿಡಿದು ನೋಡಿ, "ಇದ್ರಾಗೆ ಬಂಗಡೆ ಹಿಡಿಯುಕೆ ಅಡ್ಡಿಲ್ಲ" ಎಂದಳು. ಯಾರಿಗೆಂದು ಕೇಳಲಿಲ್ಲ. ಗೊತ್ತಾಗಿರಬೇಕು.

ಆಮೇಲೆ ನಮ್ಮ ಪಕ್ಕದ ಮನೆಯ ಸುಮಲತಾ, ಅಂಗನವಾಡಿಯವಳು, ಎರಡು ಕಡ್ಡಿ ಕೊಟ್ಟು ಕಲಿಸಿದಳು. "ಅಜ್ಜಾ, ಬಿಗಿ ಎಳಿಬೇಡ್ರಾ, ಇದು ಮೀನಲ್ಲ ಓಡಿ ಹೋಗುಕೆ" ಎಂದು ದಿನಕ್ಕೆ ಹತ್ತು ಸಲ ಬೈದಳು. ಬಲೆಯಲ್ಲಿ ಪ್ರತಿ ಕಣ್ಣಿಗೂ ಗಂಟು; ಒಂದು ಕಡೆ ಹರಿದರೆ ಹರಿದದ್ದು ಅಲ್ಲಿಗೇ ನಿಲ್ಲುತ್ತದೆ. ಟೊಪ್ಪಿಯಲ್ಲಿ ಗಂಟೇ ಇಲ್ಲ. ಒಂದು ಕುಣಿಕೆಯನ್ನು ಇನ್ನೊಂದು ಹಿಡಿದುಕೊಂಡಿರುತ್ತದೆ, ಕಡ್ಡಿಯಿಂದ ಒಂದು ಜಾರಿದರೆ ಕೆಳಗಿನವೆಲ್ಲ ಬಿಚ್ಚಿ ಬರುತ್ತವೆ. ನನಗೆ ಅದೇ ಹೆದರಿಕೆ. ಎಪ್ಪತ್ತೆರಡು ಕುಣಿಕೆ ಹಾಕಿ, ಎರಡು ಬೆರಳಿನಷ್ಟು ಅಂಚು ಹೆಣೆದು, ಮೇಲೆ ನೇರ ಐದು ಇಂಚು. ಒಂದು ಮಧ್ಯಾಹ್ನ ಕುಣಿಕೆ ಸಾಲು ಸಮ ಬಾರದೆ, ನೋಡಿ ಕಲಿಯಲೆಂದು ಕಿಶನನ ಮಂಕಿ ಕ್ಯಾಪು ಪೆಟ್ಟಿಗೆಯಿಂದ ತೆಗೆದಿದ್ದೆ. ಡಿಸೆಂಬರ್ ಚಳಿಯಲ್ಲಿ ದೋಣಿಗೆ ಹಾಕಿಕೊಂಡು ಹೋಗುತ್ತಿದ್ದನಲ್ಲ, ಆ ಕಂದು ಬಣ್ಣದ್ದು. ಹೀರಾ ಬಂದು ನನ್ನ ಕೈಯಿಂದ ಕಸಿದುಕೊಂಡಳು. "ಅದ್ನ ಬಿಚ್ಚಿದ್ರೆ ನಿಮ್ಮ ಕೈ ಮುರಿತೆ" ಎಂದಳು. ಬಿಚ್ಚುವುದಲ್ಲ, ನೋಡುವುದು ಎಂದೆ. ಮರುದಿನ ಅದು ನನ್ನ ಕಡ್ಡಿಗಳ ಪಕ್ಕದಲ್ಲಿ ಮಡಚಿ ಇಟ್ಟಿತ್ತು.

ಇವತ್ತು ಬೆಳಿಗ್ಗೆ ಮುಗಿಯಿತು. ಬದಿ ಹೊಲಿದು, ಮೇಲಿನ ಕುಣಿಕೆಗಳಲ್ಲೆಲ್ಲ ದಾರ ಹಾಯಿಸಿ ಎಳೆದು, ಜಾರದ ಹಾಗೆ ಬಲೆಯ ಜೋಡಿ ಗಂಟು ಹಾಕಿದ್ದೇನೆ. ಒಂದು ಚಿಕ್ಕ ತೆಂಗಿನಕಾಯಿಗೆ ತೊಡಿಸಿ ನೋಡಿದೆ, ಸರಿ ಕೂತಿತು. ನಾಳೆ ವಿಕಾಸ ಕೆಲಸದ ಮೇಲೆ ಕಾರವಾರಕ್ಕೆ ಬರುತ್ತಾನಂತೆ, ಬಸ್ ನಿಲ್ದಾಣದಲ್ಲಿ ಕೊಡುತ್ತೇನೆ. ಆದರೆ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಮನೆಯ ಹೆಂಗಸಿನ ಕೈ ಸೋಕದೆ, ಕದ್ದ ಹಾಗೆ ಹೋಗುವ ಟೊಪ್ಪಿ ಹಸುಗೂಸಿನ ತಲೆಗೆ ಒಳ್ಳೆಯದೇ? ಅವಳನ್ನು ಕೇಳಲು ಧೈರ್ಯವಿಲ್ಲ. ಬೇಡ ಎಂದುಬಿಟ್ಟರೆ ಆಮೇಲೆ ಕಳಿಸುವ ಹಾಗೂ ಇಲ್ಲ. ಅದಕ್ಕೇ ಟೊಪ್ಪಿಯನ್ನು ಅವಳ ಕಣ್ಣಿಗೆ ಬೀಳುವಂತೆ ಮಣೆಯ ಮೇಲೆ ಇಟ್ಟು, ನಾನು ಇಲ್ಲಿ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಅಲ್ಲಿಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ವಿಕಾಸನಿಗೂ ನಿನಗೂ ಆಶೀರ್ವಾದ. ಮಗುವಿನ ಹಣೆಯನ್ನು ನನ್ನ ಹೆಸರಿನಲ್ಲಿ ಒಮ್ಮೆ ಸವರು.

ನಿನ್ನ ಮಾವ,
ಮಾಬ್ಲೇಶ್ವರ

ತಾ.ಕ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ ಬರೆಯುತ್ತಿದ್ದೇನೆ, ನಿಲ್ದಾಣದಲ್ಲಿ ವಿಕಾಸ ಕಾಯುತ್ತಿದ್ದಾನೆ. ಟೊಪ್ಪಿಯ ತುದಿಯಲ್ಲಿ ಗಂಟು ಎಲ್ಲಿ ಎಂದು ಹುಡುಕಬೇಡ, ಇಲ್ಲ. ಚಾ ಕುಡಿಯುವಾಗ ಹೀರಾ ಟೊಪ್ಪಿ ಎತ್ತಿಕೊಂಡು ಒಳಗೆ ಬೆರಳು ಹಾಕಿ ನೋಡಿದಳು. "ಹಸೀ ನೆತ್ತಿ ಮೇಲೆ ಹಿಂಗೆ ಗಂಟ್ ಹಾಕೂದಾ? ಮಗೀಗೆ ಒತ್ತುದಿಲ್ವಾ? ನಿಮ್ಗೆ ಬಲೆ ಬಿಟ್ರೆ ಎಂತಾ ಗೊತ್ತು?" ಎಂದು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ದಾರವನ್ನು ಮತ್ತೊಮ್ಮೆ ಸುತ್ತ ಹಾಯಿಸಿ ತುದಿಯನ್ನು ಒಳಗೆ ಮೆತ್ತಗೆ ಅಡಗಿಸಿದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ನೆತ್ತಿಗೆ ದಿನಾ ತೆಂಗಿನೆಣ್ಣೆ ಇಡುಕೆ ಬರೀರಿ ಚಂದನಾಗೆ. ಆ ಹುಡ್ಗಿಗೆ ಮೊದ್ಲಿಂದೂ ಮರ್ವು." ಅವಳ ಮಾತು ಇದ್ದ ಹಾಗೇ ಬರೆದಿದ್ದೇನೆ.