ಸುಡದ ಕೈ

ಶಹಾಪುರ, ಬೆಳಗಾವಿ
ರವಿವಾರ, ೮ ಡಿಸೆಂಬರ್ ೨೦೨೪

ನನ್ನ ಮುದ್ದು ಮುಕ್ತಾ,

ನಿನಗೂ ನಿನ್ನ ಮಡಿಲಲ್ಲಿರುವ ಕೇತಕಿಗೂ ಆಯಿಯ ಆಶೀರ್ವಾದ. ಅಂಟಿನುಂಡೆಯ ಡಬ್ಬಿಯ ತಳದಲ್ಲಿ ಪತ್ರ ಸಿಕ್ಕಿತೆಂದು ನಗಬೇಡ. ಫೋನು ಮಾಡಿದರೆ ನೀನು ಮಗುವನ್ನು ಎತ್ತಿಕೊಂಡು ಸ್ಪೀಕರಿಗೆ ಹಾಕುತ್ತೀಯ, ಖಾನಾಪುರದ ಆ ಮನೆಯವರೆಲ್ಲ ಸುತ್ತ ಕೂತು ಕೇಳುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ನಿನಗಿಂತ ಮೊದಲು ನಮ್ಮ ಅಳಿಯ ಪರಾಗನ ಅಕ್ಕ ಓದುತ್ತಾಳೆ. ಅದಕ್ಕೇ ಬಾಜು ಮನೆಯ ಕಾಂತಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ದಿನಾ ರೈಲಿನಲ್ಲಿ ಖಾನಾಪುರದ ಶಾಲೆಗೆ ಹೋಗುತ್ತಾಳಲ್ಲ. ಉಂಡೆಗಳನ್ನು ಕಟ್ಟಿದವಳೂ ಅವಳೇ. ನಾನು ಹಿಟ್ಟನ್ನು ಮುಟ್ಟಲಿಲ್ಲ. ಯಾಕೆಂದು ಹೇಳುತ್ತೇನೆ, ಬಾಗಿಲು ಮುಂದೆ ಮಾಡಿ ಕೂತು ಓದು.

ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆಯದ ತಾಯಿ ಇಡೀ ಜಿಲ್ಲೆಯಲ್ಲಿ ನೀನೊಬ್ಬಳೇ ಎಂದು ನೀನು ಮೊನ್ನೆ ಬರೆದಿದ್ದೆ. ಓದಿ ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ಬಚ್ಚಲುಮನೆಯ ಫರಸಿ ಕಲ್ಲು ಒಡೆದಿದೆ, ರಿಪೇರಿ ನಡೆದಿದೆ ಎಂದು ಅಕ್ಟೋಬರಿನಲ್ಲಿ ನಾನು ಹೇಳಿದ್ದು ಸುಳ್ಳು. ಪೂರ್ತಿ ಸುಳ್ಳು ಎನ್ನಲಿಕ್ಕೂ ಬರುವುದಿಲ್ಲ. ನನ್ನ ಮಾತು ಕೇಳಿದ ನಿನ್ನ ಬಾಬಾ ಫೋನು ಇಟ್ಟ ಮೇಲೆ ನನ್ನ ಸುತ್ತಿಗೆ ಹಿಡಿದುಕೊಂಡು ಹೋಗಿ ಎರಡು ಫರಸಿ ಖರೇನೇ ಒಡೆದು ಬಂದರು. “ಆಕಿ ಒಮ್ಮೆಲೆ ಬಂದು ನೋಡಿದ್ರ ಏನ್ ಮಾಡ್ತಿ? ಸುಳ್ಳು ಹೇಳೂದಾದ್ರ ಬಂದೋಬಸ್ತ್ ಇರಬೇಕು” ಅಂದರು. ಒಡೆದ ಫರಸಿಯ ಮೇಲೆ ಈಗ ಅವರೇ ಎಡವುತ್ತಾರೆ. ಖರೇ ಸಂಗತಿ ಬೇರೆ. ನನಗೆ ಹೆದರಿಕೆ, ಮುಕ್ತಾ. ನಿನ್ನ ಮಗಳಿಗೆ ನನ್ನ ಈ ಕೈಯಿಂದ ನೀರು ಎರೆಯುವ ಹೆದರಿಕೆ.

ನನ್ನ ಕಮ್ಮಾರಿಕೆಯ ಹುಚ್ಚು ನಿನಗೆ ಗೊತ್ತೇ ಇದೆ. ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ನನ್ನ ಓರಗೆಯವರು ಭಜನಾ ಮಂಡಳಿ ಸೇರಿದರು, ನಾನು ಆಟೋ ನಗರ ಸೇರಿದೆ. ಹಿತ್ತಲಿಗೆ ಗೇಟು ಮಾಡಿಸಲು ಅಲ್ಲಿ ರೂಪಾಲಿಯ ಶೆಡ್ಡಿಗೆ ಹೋದವಳು, ಕೆಂಪಗೆ ಕಾದ ಸರಳು ಆ ಹುಡುಗಿಯ ಏಟಿಗೆ ಬಾಗುವುದನ್ನು ನೋಡುತ್ತ ನಿಂತುಬಿಟ್ಟೆ. ಕಲಿಸುತ್ತೀಯಾ ಎಂದು ಬಾಯಿ ತಪ್ಪಿ ಕೇಳಿದೆ, ರವಿವಾರ ಬರ್ರಿ ಕಾಕೂ ಅಂದಳು. ಆಮೇಲೆ ನಮ್ಮ ಹಿತ್ತಲಲ್ಲೇ ಸಂಸಾರ ಹೂಡಿದೆ. ಲಾರಿಯ ಹಳೇ ಬ್ರೇಕ್ ಡ್ರಮ್ಮು ಕುಲುಮೆ, ನೀನು ಬಿಟ್ಟುಹೋದ ಹೇರ್ ಡ್ರೈಯರ್ ತಿದಿ, ಗುಜರಿಯಿಂದ ತಂದ ಕಬ್ಬಿಣದ ದಿಮ್ಮಿ ಅಡಿಗಲ್ಲು. ನಾನು ಮೊದಲು ಬಡಿದು ಮಾಡಿದ ಮೊಳೆಯನ್ನು ಬಾಬಾ ತಿರುಗಿಸಿ ಮುರುಗಿಸಿ ನೋಡಿ, ಇದು ಮೊಳೆಯೋ ಶೇಂಗಾ ಕಾಯಿಯೋ ಎಂದು ಕೇಳಿದ್ದರು. ಆದರೂ ಅದನ್ನು ಗೋಡೆಗೆ ಹೊಡೆದು ತಮ್ಮ ಟೊಪ್ಪಿಗೆ ಅದಕ್ಕೇ ತೂಗುಹಾಕುತ್ತಾರೆ.

ರೂಪಾಲಿ ಮೊದಲ ದಿನ ಕಲಿಸಿದ್ದು ಸುತ್ತಿಗೆ ಹಿಡಿಯುವುದನ್ನಲ್ಲ, ಕಬ್ಬಿಣ ಮುಟ್ಟುವುದನ್ನು. “ಕಾಕೂ, ಕೆಂಪಗಿದ್ದದ್ದು ಎಲ್ಲಾರಿಗೂ ಕಾಣಸ್ತೈತಿ, ಅದನ್ನ ಯಾರೂ ಮುಟ್ಟೂದಿಲ್ಲ. ಆರಿ ಕರೀ ಆಗಿರ್ತೈತಲ್ಲ, ಅದಕ್ಕ ಅಂಜ್ರಿ. ಏನ ಎತ್ತಬೇಕಂದ್ರೂ ಮೊದಲ ಹಿಂಗೈ ಹತ್ತಿರ ಒಯ್ರಿ. ಝಳ ಬಡೀಲಿಲ್ಲಂದ್ರ ಅಷ್ಟ ಮುಟ್ಟರಿ” ಅಂದಳು. ಅವಳ ಶೆಡ್ಡಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಕಬ್ಬಿಣದ ಹತ್ತಿರ ಕೈ ಹಿಂದುಮುಂದಾಗಿ ಹೋಗುತ್ತದೆ, ಕ್ಷಣ ನಿಲ್ಲುತ್ತದೆ, ಆಮೇಲೆ ಹಿಡಿಯುತ್ತದೆ. ನಾನೂ ಒಂದು ದಿನವೂ ತಪ್ಪಲಿಲ್ಲ. ನೀನು ನನ್ನನ್ನು ಗಡಿಬಿಡಿಯವಳು ಅನ್ನುತ್ತೀಯಲ್ಲ, ಈ ಒಂದು ವಿಷಯದಲ್ಲಿ ಅನ್ನಬೇಡ.

ಖಂಡೇನವಮಿಯ ಆಯುಧ ಪೂಜೆಗೆ ಇಡಬೇಕೆಂದು ತೊಟ್ಟಿಲಿನ ಕೊಂಡಿಗಳನ್ನು ಮಾಡುತ್ತಿದ್ದೆ. ಹುಟ್ಟುವ ಕೂಸು ಅಜ್ಜಿ ಬಡಿದ ಕೊಂಡಿಯಲ್ಲೇ ತೂಗಬೇಕೆಂದು ಆಸೆ. ಅವತ್ತು ರೂಪಾಲಿ ನಮ್ಮ ಹಿತ್ತಲಿಗೆ ಬಂದಿದ್ದಳು. ಕೊಂಡಿ ಬಾಗಿಸಿ ದಿಮ್ಮಿಯ ಮೇಲೆ ಆರಲು ಬಿಟ್ಟು ಅವಳಿಗೆ ಚಹಾ ಕೊಟ್ಟೆ. ಬಂದು ಬಲಗೈಯ ಹಿಂಗೈ ಹತ್ತಿರ ಒಯ್ದೆ. ಝಳವಿಲ್ಲ. ಆರಿದೆ ಎಂದುಕೊಂಡು ಅಂಗೈಯ ಅಂಚಿನಿಂದ, ಕಿರುಬೆರಳಿನ ಕಡೆಯಿಂದ, ಅದನ್ನು ಅದುಮಿ ಹಿಡಿದು ಎಡಗೈಯಿಂದ ಅರ ಹುಡುಕತೊಡಗಿದೆ. ಏನೋ ಸುಟ್ಟ ವಾಸನೆ ಬಂತು. ಹಾಲು ಉಕ್ಕಿತೇನೋ ಎಂದು ಅಡುಗೆಮನೆಯ ಕಡೆ ನೋಡಿದೆ. ರೂಪಾಲಿ ಚಹಾದ ಕಪ್ಪು ಚೆಲ್ಲಿ ಓಡಿ ಬಂದಳು. “ಕಾಕೂ, ಕೈ! ನಿಮ್ಮ ಕೈ!” ಅಂದಳು.

ಸುಡುತ್ತಿದ್ದದ್ದು ನನ್ನ ಚರ್ಮ. ನಾನು ಅದನ್ನು ಕಣ್ಣಿನಿಂದ ನೋಡಿ ತಿಳಿದುಕೊಂಡೆ, ಮಗಳೇ. ನೋವು ಬರುತ್ತದೆ ಎಂದು ಕಾದೆ, ಬರಲೇ ಇಲ್ಲ. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಬೇರೆಂದೂ ಇಲ್ಲ. ನಿನ್ನನ್ನು ಹೆರುವಾಗ ಕೂಡ ನೋವಿತ್ತು, ಕೂಗಲಿಕ್ಕೆ ಬರುತ್ತಿತ್ತು. ಇಲ್ಲಿ ಕೂಗಲಿಕ್ಕೆ ಏನೂ ಇರಲಿಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ಹಿಂಗೈ ಮೇಲೆ ಬೆಳ್ಳಗಿನ ಕಲೆಯೊಂದು ಎಷ್ಟು ಕಾಲದಿಂದಲೋ ಇತ್ತು, ಬಿಸಿಲಿಗೆ ಬಂದದ್ದು ಅಂದುಕೊಂಡಿದ್ದೆ. ಕಿರುಬೆರಳು ಜೋಮು ಹಿಡಿದಂತೆ ಇರುತ್ತಿತ್ತು, ಕಚೇರಿಯಲ್ಲಿ ಬರೆದು ಬರೆದು ಹೀಗಾಗಿದೆ ಎಂದಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ರೊಟ್ಟಿಯ ಜಂಬ! ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ಒತ್ತಿ ಒತ್ತಿ ತಿರುಗಿಸುತ್ತಿದ್ದೆ, ಬಂದವರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ನಮ್ಮ ಮನಿ ಹೆಣ್ಮಕ್ಕಳ ಕೈ ಸುಡೂದಿಲ್ಲ ಎಂದು ನಿನ್ನ ಅಜ್ಜಿಯಿಂದ ಹಿಡಿದು ಎಲ್ಲರೂ ಹೇಳಿಕೊಂಡು ತಿರುಗಿದವರೇ. ರೊಟ್ಟಿ ಬಡಿದು ಗಟ್ಟಿಯಾದ ಕೈ ಎಂದು ನಾನೂ ನಂಬಿದ್ದೆ. ಒಂದು ಕೈ ಗಟ್ಟಿಯಾಗಿದೆಯೋ ಸತ್ತಿದೆಯೋ ಎಂದು ಯಾರು ಪರೀಕ್ಷೆ ಮಾಡುತ್ತಾರೆ?

ಡಾಕ್ಟರು ಮಾಡಿದರು. ಕಣ್ಣು ಮುಚ್ಚಿಸಿ, ಅರಳೆಯ ಎಳೆಯಿಂದ ಮುಟ್ಟಿ, ಮುಟ್ಟಿದಲ್ಲಿ ಬೆರಳಿಟ್ಟು ತೋರಿಸಿರಿ ಅಂದರು. ಎಡಗೈಯಲ್ಲಿ ಎಲ್ಲ ಸರಿಯಾಗಿ ತೋರಿಸಿದೆ. ಬಲಗೈಗೆ ಬಂದಾಗ ಇನ್ನೂ ಯಾಕೆ ಶುರು ಮಾಡಲಿಲ್ಲ ಎಂದು ಕಾಯುತ್ತ ಕೂತಿದ್ದೆ. ಕಣ್ಣು ತೆರೆದರೆ ಬಾಬಾ ಅಳುತ್ತಿದ್ದರು. ಕುಷ್ಠರೋಗ, ಮುಕ್ತಾ. ಸಣ್ಣವಳಿದ್ದಾಗ ಬೆರಳಿಗೆ ಪಟ್ಟಿ ಸುತ್ತಿಕೊಂಡವರು ಎದುರು ಬಂದರೆ ನನ್ನವ್ವ ನನ್ನನ್ನು ರಸ್ತೆಯ ಆಚೆ ಬದಿಗೆ ಎಳೆದುಕೊಂಡು ಹೋಗುತ್ತಿದ್ದಳು. ಈಗ ನನ್ನನ್ನು ಕಂಡು ಯಾರು ಯಾರು ರಸ್ತೆ ದಾಟಿ ತಪ್ಪಿಸಿಕೊಂಡಾರು ಎಂದು ಲೆಕ್ಕ ಹಾಕುತ್ತ ಕೂಡುತ್ತೇನೆ.

ನೀನು ಗಾಬರಿಯಾಗಬೇಡ. ಇದು ಗುಳಿಗೆಗೆ ಬಗ್ಗುವ ರೋಗ, ಗುಳಿಗೆ ಶುರುವಾದ ಮೇಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಕೂಸನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ ಎಂದು ಡಾಕ್ಟರು ಸಾರಿ ಸಾರಿ ಹೇಳಿದ್ದಾರೆ. ಆಗಲೇ ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಮನೆಯಲ್ಲಿ ಜೊತೆಗಿದ್ದವರನ್ನೂ ಒಮ್ಮೆ ತೋರಿಸಬೇಕು ಅಂದರು. ಬಾಬಾ ಪರೀಕ್ಷೆಗೆ ಕೂತರು. ಗಾಬರಿಗೆ, ಡಾಕ್ಟರು ಮುಟ್ಟುವ ಮೊದಲೇ ಇಲ್ಲಿ ಮುಟ್ಟಿದ್ರಿ, ಅಲ್ಲಿ ಮುಟ್ಟಿದ್ರಿ ಎಂದು ಕೂಗುತ್ತಿದ್ದರು. ಅವರಿಗೇನೂ ಇಲ್ಲ.

ತಲೆಗೆ ಇದೆಲ್ಲ ತಿಳಿಯುತ್ತದೆ, ಎದೆಗೆ ತಿಳಿಯುವುದಿಲ್ಲ. ಬಾಣಂತನವೆಂದರೆ ಹಂಡೆಯ ಕಾದ ನೀರು, ನೀರಿಗೆ ಕೈ ಅದ್ದಿ ಹದ ನೋಡುವವಳು ನಾನು. ಹದ ಗೊತ್ತಾಗದ ಕೈ ಅದ್ದಿ, ಆಯಿತು ಬಿಡು ಅಂದುಬಿಟ್ಟರೆ? ಕಾಲ ಮೇಲೆ ಮಲಗಿಸಿದ ಕೂಸಿಗೆ ಆ ನೀರು ಹೊಯ್ದುಬಿಟ್ಟರೆ? ಕೂಸು ಚೀರಿದರೆ, ಎರೆಯುವಾಗ ಎಲ್ಲ ಕೂಸುಗಳೂ ಚೀರುತ್ತವೆ ಎಂದುಕೊಂಡು ಇನ್ನೊಂದು ತಂಬಿಗೆ ಹೊಯ್ಯುವವಳು ನಾನು. ಅದಕ್ಕೇ ಫರಸಿ ಒಡೆಯಿತು.

ಹೋದ ವಾರ ಹೆಸರಿಡುವ ದಿನ ನಾನು ದೂರ ಕೂತದ್ದನ್ನು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡದ್ದನ್ನು ನೀನು ನೋಡಿದೆ. ಕೇತಕಿಯನ್ನು ಕೊಡಲು ಬಂದಾಗ ನೆಗಡಿ ಅಂದೆ. ಕೊನೆಗೆ ಊಟಕ್ಕೂ ಕೂಡದೆ ಎದ್ದು ಹೊರಟೆ, ನಿನ್ನ ಅತ್ತೆಯವರಿಗೆ ಬೇಜಾರಾಗಿರಬೇಕು. ರೈಲಿನ ಹೊತ್ತಾಯಿತು ಎಂದೆ. ಇರಲಿ, ಆ ಮಾತು ಈಗ ಬೇಡ.

ಕುಲುಮೆ ಆರಿಸಿಬಿಡುತ್ತೇನೆ ಎಂದು ರೂಪಾಲಿಗೆ ಹೇಳಿದೆ, ಯಾಕೆಂದೂ ಹೇಳಿದೆ. ಅವಳು ರಸ್ತೆ ದಾಟಲಿಲ್ಲ. ಎದ್ದು ನೀರಿನ ಬಕೀಟು ತಂದು ದಿಮ್ಮಿಯ ಬಾಜು ಇಟ್ಟಳು. “ಹಿಂಗೈ ಬಿಡ್ರಿ. ಇನ್ನ ಮ್ಯಾಲ ನೀರ ಚಿಮಕಸ್ರಿ. ಚುಂಯ್ ಅಂದ್ರ ಕಿವಿಗೆ ಕೇಳಸ್ತೈತಿ, ಆವಿ ಕಣ್ಣಿಗೆ ಕಾಣಸ್ತೈತಿ. ಸುಮ್ಮನಿದ್ರೂ ಇಕ್ಕಳದಿಂದನ ಹಿಡೀರಿ” ಅಂದಳು. ದಪ್ಪ ತೊಗಲಿನ ಕೈಗವಸನ್ನೂ ಕೊಟ್ಟಳು. ಹೀಗೆ ಎರಡನೆಯ ಕೊಂಡಿಯೂ ಆಯಿತು. ಜಗ್ಗಿ ನೋಡಿ, ಕೂಸೇನು, ನೀವು ಕೂತರೂ ತಡೆಯುತ್ತದೆ ಅಂದಳು. ಎರಡೂ ಡಬ್ಬಿಯ ಜೊತೆಗಿನ ಚೀಲದಲ್ಲಿವೆ. ಒಂದರ ಬಾಗಿನಲ್ಲಿ ಸ್ವಲ್ಪ ಕರೀ ಕಲೆ ಇದೆ, ಉಜ್ಜಿದರೂ ಹೋಗಲಿಲ್ಲ. ಅದು ನನ್ನದು.

ನನ್ನನ್ನು ಬೈಯಬೇಕೆನಿಸಿದರೆ ಬೈ. ಹೇಸಿಕೆ ಬಂದರೂ ಹೇಳು, ಮುಚ್ಚಿಡಬೇಡ. ಬಾ ಅಂದರೆ ಬರುತ್ತೇನೆ. ನೀರು ಬೇರೆಯವರು ನೋಡಲಿ, ನಾನು ತೊಟ್ಟಿಲು ತೂಗುತ್ತೇನೆ.

ನಿನ್ನನ್ನು ಯಾವ ಹೊತ್ತೂ ನೆನೆಯುವ
ಆಯಿ
ಅಲಕಾ

ತಾ.ಕ.: ಪತ್ರ ಮಡಚಿ ಡಬ್ಬಿಯ ತಳಕ್ಕೆ ಇಟ್ಟಿದ್ದೆ, ಮತ್ತೆ ತೆಗೆದೆ. ಹೇಳಬೇಕಾದದ್ದನ್ನು ಹೇಳದೆ ಊರ ಮೇಲಿನದೆಲ್ಲ ಬರೆದಿದ್ದೇನೆ.

ಹೆಸರಿಡುವ ದಿನ ನಾನು ಊಟ ಬಿಟ್ಟು ಎದ್ದದ್ದು ರೈಲಿಗಾಗಿ ಅಲ್ಲ. ಮಂಚದ ಕೆಳಗೆ ಕೆಂಡ ತುಂಬಿದ ಶೇಗಡಿ ಇತ್ತಲ್ಲ, ನೀನು ನಿನ್ನ ನಾದಿನಿಯ ಜೊತೆ ಮಾತಾಡುತ್ತ ಅದನ್ನು ಬಲಗೈಯ ಅಂಚಿನಿಂದ ಒಳಗೆ ದೂಡಿದೆ. ಮಾತು ಮುಗಿಯುವವರೆಗೆ ಕೈ ಅಲ್ಲೇ ಇತ್ತು. ನಾನು ಚೀರಿದೆ. ನೀನು ನಕ್ಕು, “ಸುಡೂದಿಲ್ಲ ಬಿಡ ಆಯಿ, ನಿನ್ನ ಕೈನ ಬಂದೈತಿ ನನಗ” ಅಂದೆ. ಎಲ್ಲರೂ ನಕ್ಕರು. ಬಳೆ ಸರಿದಾಗ ನಿನ್ನ ಮಣಿಕಟ್ಟಿನ ಮೇಲೆ ಬೆಳ್ಳಗಿನ ಕಲೆ ಕಂಡಿತು. ಆಮೇಲೆ ಅಲ್ಲಿ ಕೂಡಲು ನನ್ನಿಂದ ಆಗಲಿಲ್ಲ.

ಜೊತೆಗಿದ್ದವರು ಯಾರೆಂದು ಡಾಕ್ಟರು ಕೇಳಿದಾಗ ನಾನು ಬಾಬಾರ ಹೆಸರನ್ನಷ್ಟೇ ಹೇಳಿದ್ದೆ. ಮೊನ್ನೆ ಹೋಗಿ ನಿನ್ನ ಹೆಸರು ಹೇಳಿ ಬಂದೆ. ಹಾಲು ಬಿಡಿಸುವುದು ಬೇಡ, ಅದನ್ನೂ ಕೇಳಿದ್ದೇನೆ. ಮಂಗಳವಾರ ಬಾಬಾ ಬರುತ್ತಾರೆ, ನಿನ್ನ ಅತ್ತೆಯವರ ಮುಂದೆ ಫರಸಿ ಹಾಕಿದ್ದು ಮುಗಿಯಿತು ಎನ್ನುತ್ತಾರೆ. ಕೇತಕಿಯನ್ನು ಎತ್ತಿಕೊಂಡು ಅವರ ಜೊತೆ ಬಾ. ಅದಕ್ಕೂ ಮೊದಲು ಇವತ್ತೇ ಪರಾಗನನ್ನು ಕರೆದು, ಕಣ್ಣು ಮುಚ್ಚಿ, ದೀಪದ ಬತ್ತಿಯ ಅರಳೆಯಿಂದ ಆ ಕಲೆಯ ಮೇಲೆ ಮುಟ್ಟಿಸಿಕೋ. ಮುಟ್ಟಿದ್ದು ತಿಳಿದರೆ ಹುಚ್ಚು ಆಯಿ ಎಂದು ಜನ್ಮವಿಡೀ ನಗು.

ಅಲ್ಲಿಯವರೆಗೆ ಕೇತಕಿಯ ನೀರಿಗೆ ನಿನ್ನ ಬಲಗೈ ಅದ್ದಬೇಡ, ಮಗಳೇ.